ಸಂಜೆಯವರೆಗೆ ಶಿಕ್ಷೆ

ಮಂಡಕ್ಕಿ ಅಂಗಡಿಯವರ ಮೇಲೆ ಮಚ್ಚು ಬೀಸಿದವನಿಗೆ ಏನು ಶಿಕ್ಷೆ ಆಯಿತು ಅಂತ ದಾವಣಗೆರೆಯವರಿಗೆ ನಾನೇನೂ ಹೊಸದಾಗಿ ಹೇಳಬೇಕಿಲ್ಲ. ಕೋರ್ಟ್ ಏಳುವವರೆಗೆ ಜೈಲು, ಮೇಲೆ ಐದು ಸಾವಿರ ದಂಡ. ಜೈಲು ಅಂದ್ರೆ ಗಾಬರಿ ಬೇಡ. ಸಾಹೇಬರು ಪೀಠದಿಂದ ಏಳುವ ತನಕ ಕೋರ್ಟ್ ಹಾಲಿನ ಮೂಲೆಯಲ್ಲಿ ಸುಮ್ನೆ ಕೂತಿರಬೇಕು, ಅಷ್ಟೇ. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಬೇರೆಯವರ ಚೆಕ್ ಬೌನ್ಸ್ ಕತೆ, ಬದುವಿನ ಜಗಳ ಎಲ್ಲ ಪುಕ್ಕಟೆ ಕೇಳಬಹುದು. ಜಮೀನಿನ ಪೋಡಿಗೆ ಅಲೆಯುವ ರೈತ ಇದಕ್ಕಿಂತ ಜಾಸ್ತಿ ಹೊತ್ತು ಕಾಯುತ್ತಾನೆ, ಅದೂ ನಿಂತುಕೊಂಡು. ಪಾಪ, ಅವನು ಯಾರಿಗೆ ಹೊಡೆದಿದ್ದನೋ!

ಏಟು ತಿಂದವರು ಮಂಡಕ್ಕಿ ಅಂಗಡಿಯವರು. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನರ್ಗಿಸ್ ಮಂಡಕ್ಕಿ ಈಗ ಎಡಗೈಯಲ್ಲೇ ಕಲಸುತ್ತಾರೆ. ಪೊಟ್ಟಣ ಕಟ್ಟುವಾಗ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಾರೆ. ದಾಖಲೆಯಲ್ಲಿ ಮಾತ್ರ ಅದು ‘ಸಾದಾ ಗಾಯ’. ಖಾರ ಸ್ವಲ್ಪ ಜಾಸ್ತಿ ಬಿತ್ತು ಅಂದಂಗೆ.

ಶಿಕ್ಷೆ ಕಮ್ಮಿ ಆಯ್ತು, ಅಪೀಲು ಹೋಗ್ತೀನಿ ಅಂದ್ರೆ ಆಗಲ್ಲ. ನೊಂದವರಿಗೆ 2009ರ ಕೊನೆಯಿಂದ ಅಪೀಲು ಹಕ್ಕು ಇದೆ. ಆರೋಪಿ ಬಿಡುಗಡೆಯಾದರೆ ಹೋಗಬಹುದು, ಸಣ್ಣ ಅಪರಾಧದ ಕಲಮಿನಲ್ಲಿ ಮುಗಿಸಿದರೆ ಹೋಗಬಹುದು, ಪರಿಹಾರ ಸಾಲದಿದ್ದರೂ ಹೋಗಬಹುದು. ಶಿಕ್ಷೆ ಸಾಲದು ಅಂತ ಮಾತ್ರ ಹೋಗುವಂಗಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂತು. ಶಿಕ್ಷೆ ಸಾಲದು ಅಂತ ಸರ್ಕಾರ ಅಪೀಲು ಹಾಕುವ 377ನೇ ಕಲಂ 418 ಆಯಿತು. ಅಷ್ಟರಮಟ್ಟಿಗೆ ಪ್ರಗತಿ.

ಅಪೀಲು ಹಾಕಬೇಕಾದದ್ದು ಸರ್ಕಾರ. ಅದು ಹೇಳಬೇಕು, ಸರ್ಕಾರಿ ವಕೀಲರು ಹಾಕಬೇಕು. ಫೈಲು ಬೆಂಗಳೂರು ನೋಡಿ, ಸಹಿ ಹಾಕಿಸಿಕೊಂಡು, ವಾಪಸ್ ದಾವಣಗೆರೆಯದೇ ಸೆಷನ್ಸ್ ಕೋರ್ಟಿಗೆ ಬರಬೇಕು. ಇಷ್ಟಕ್ಕೂ 30 ದಿನ. ಮೀರಿದರೆ, ತಡವಾಗಿದ್ದನ್ನು ಮನ್ನಿಸಿ ಅಂತ ಇನ್ನೊಂದು ಅರ್ಜಿ. ಇಷ್ಟೆಲ್ಲ ಆದ ಮೇಲೆ ಹೊಡೆದವನು ಅದೇ ಅಪೀಲಿನಲ್ಲಿ ‘ನನ್ನನ್ನು ಬಿಟ್ಟೇಬಿಡಿ’ ಅಂತಲೂ ವಾದಿಸಬಹುದು. ಎಂಥ ದೊಡ್ಡ ಮನಸ್ಸು ನಮ್ಮ ಕಾನೂನಿನದು!

ತಮಾಷೆ ಸಾಕು. ಶಿಕ್ಷೆ ಜಾಸ್ತಿ ಆಯ್ತು ಅಂತ ಅಪೀಲು ಹಾಕಲು ಅವನಿಗೆ ಯಾರ ಅಪ್ಪಣೆಯೂ ಬೇಡ. ಇವರು ಮಾತ್ರ ಅಂಗಡಿ ಬಾಗಿಲು ಹಾಕಿ ಕಚೇರಿಯಿಂದ ಕಚೇರಿಗೆ ತಿರುಗಬೇಕು. ಕೇಸು ಸರ್ಕಾರದ್ದಂತೆ, ಇವರು ಬರೀ ಸಾಕ್ಷಿಯಂತೆ. ಸರ್ಕಾರದ ಬೆರಳಿಗೆ ಬಿದ್ದಿತ್ತಾ ಮಚ್ಚು?

ಅಪೀಲಿನ ಶಿಫಾರಸು ಸರ್ಕಾರಕ್ಕೆ ಹೋಯ್ತಾ ಅಂತ ನಿನ್ನೆ ಕಚೇರಿಯಲ್ಲಿ ಕೇಳಿಕೊಂಡು ಬಂದರು. ‘ಸಾಹೇಬ್ರು ಮೀಟಿಂಗಲ್ಲಿದಾರೆ, ಸೋಮವಾರ ಬರ್ರಿ’ ಅಂದರಂತೆ. ತೀರ್ಪು ಬಂದು ನಿನ್ನೆಗೆ 27 ದಿನ.