ಗ್ಯಾರೇಜಿನಲ್ಲಿ ಒಂದಕ್ಕೇ ಜಾಗವಿದ್ದರೆ, ಫೆರಾರಿ ಎಫ್40 ಇರಬೇಕೇ?

ಪರ: ಇರಲೇಬೇಕು

ಎಫ್40 ಬಾಗಿಲಿಗೆ ಒಳಗಡೆ ಹಿಡಿಕೆ ಇಲ್ಲ. ಒಂದು ತಂತಿ ಇದೆ, ಎಳೆದರೆ ತೆರೆದುಕೊಳ್ಳುತ್ತದೆ. ಕಾರ್ಪೆಟ್ ಇಲ್ಲ, ರೇಡಿಯೋ ಇಲ್ಲ. ಪವರ್ ಸ್ಟಿಯರಿಂಗ್, ಎಬಿಎಸ್ ಹಾಗಿರಲಿ, ಬ್ರೇಕಿನ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಕೂಡ ಇಲ್ಲ. ಎಸಿ ಮಾತ್ರ ಇದೆ. ಅದೂ ಇಲ್ಲದಿದ್ದರೆ ಒಳಗೆ ಕೂತವರು ಬೆಂದೇ ಹೋಗುತ್ತಿದ್ದರು! ಬಣ್ಣವನ್ನು ಎಷ್ಟು ತೆಳ್ಳಗೆ ಹಚ್ಚಿದ್ದಾರೆ ಅಂದರೆ, ಬಗ್ಗಿ ನೋಡಿದರೆ ಕೆಂಪಿನ ಕೆಳಗೆ ಕಾರ್ಬನ್ ನಾರಿನ ನೇಯ್ಗೆ ಚಾಪೆ ಹೆಣೆದಂತೆ ಕಾಣುತ್ತದೆ.

1987ರ ಜುಲೈಯಲ್ಲಿ ಫೆರಾರಿಯ ಊರಾದ ಇಟಲಿಯ ಮಾರನೆಲ್ಲೋದಲ್ಲಿ ಇದರ ಪರದೆ ಸರಿಸಿದಾಗ ಕಂಪನಿ ಕಟ್ಟಿದ ಎಂಜೋ ಫೆರಾರಿಗೆ 89 ವರ್ಷ. ಮರುವರ್ಷ ಆಗಸ್ಟಿನಲ್ಲಿ ಮುದುಕ ತೀರಿಕೊಂಡ. ಅವನು ಸೈ ಅಂದ ಕೊನೆಯ ರಸ್ತೆ ಕಾರು ಇದು.

2.9 ಲೀಟರಿನ ವಿ8 ಎಂಜಿನ್, ಅದಕ್ಕೆ ಹೆಚ್ಚು ಗಾಳಿ ತುರುಕುವ ಎರಡು ಟರ್ಬೊ, 478 ಕುದುರೆಶಕ್ತಿ. ಟರ್ಬೊ ಉಸಿರು ತುಂಬಿಕೊಳ್ಳುವ ತನಕ ಸುಮ್ನೆ ಇರುತ್ತದೆ, ಆಮೇಲೆ ಬೆನ್ನಿಗೆ ಒದ್ದ ಹಾಗೆ ಹಾರುತ್ತದೆ. ತಪ್ಪಿದರೆ ಹಿಡಿದುಕೊಳ್ಳಲು ಕಂಪ್ಯೂಟರ್ ಇಲ್ಲ. ಇಂಥದ್ದನ್ನು ಇವತ್ತು ಮಾರಲು ಕಾನೂನೇ ಬಿಡುವುದಿಲ್ಲ. ಮತ್ತೆ ಹುಟ್ಟಲಾರದ್ದನ್ನು ಎತ್ತಿಡುವುದಕ್ಕೇ ಅಲ್ವಾ ಸಂಗ್ರಹ ಅನ್ನುವುದು? ಅದೇ ಕಾಲದ ಪೋರ್ಷೆ 959ರ ಜಾಣತನವೆಲ್ಲ ಈಗ ಮಾಮೂಲಿ ಕಾರುಗಳಲ್ಲೇ ಸಿಗುತ್ತದೆ.

ವಿರೋಧ: ಬೇಡ, 959 ಇರಲಿ

ಮಾಮೂಲಿ ಆಯಿತು, ಸರಿ. ಆದರೆ 1986ರಲ್ಲಿ ಅದು ಮಾಮೂಲಿ ಆಗಿರಲಿಲ್ಲವಲ್ಲ. ಎರಡು ಟರ್ಬೊ ಇದರಲ್ಲೂ ಇವೆ. ಆದರೆ ಎರಡೂ ಒಟ್ಟಿಗೆ ಏಳುವುದಿಲ್ಲ. ಎಂಜಿನ್ ನಿಧಾನವಾಗಿದ್ದಾಗ ಒಂದು ಕೆಲಸ ಮಾಡುತ್ತದೆ, ವೇಗ ಏರಿದ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಹಾಗಾಗಿ ಆ ಕಾಯುವುದು, ಒದೆಯುವುದು ತುಂಬಾ ಕಡಿಮೆ. ಆರು ಸಿಲಿಂಡರುಗಳಿಗೆ ಗಾಳಿಯ ತಂಪು, ಅವುಗಳ ತಲೆಗೆ ನೀರಿನ ತಂಪು. ಚಕ್ರದ ಕಡ್ಡಿಗಳು ಟೊಳ್ಳು, ಟೈರಿನ ಗಾಳಿ ಇಳಿದರೆ ಕಾರೇ ಹೇಳುತ್ತದೆ. ಸ್ಟಿಯರಿಂಗ್ ಪಕ್ಕದ ಕಡ್ಡಿ ತಿರುಗಿಸಿ ಒಣ ರಸ್ತೆಯೋ, ಒದ್ದೆಯೋ, ಹಿಮವೋ ಅಂತ ತಿಳಿಸಿದರೆ ಸಾಕು, ನಾಲ್ಕೂ ಚಕ್ರಕ್ಕೆ ಎಳೆತ ಹಂಚುವ ಕೆಲಸ ಅದರದ್ದು. ಮೊದಲ ಗೇರಿನ ಮೇಲೆ 1 ಅಂತ ಬರೆದಿಲ್ಲ, 'ಜಿ' ಅಂತಿದೆ. ಗೆಲೆಂಡೆ, ಅಂದರೆ ಕಲ್ಲುಮುಳ್ಳಿನ ಹಾದಿ.

ಆ ಹಾದಿಯಲ್ಲಿ ಇದು ಓಡಿಯೂ ತೋರಿಸಿದೆ. 1986ರ ಪ್ಯಾರಿಸ್-ಡಾಕರ್ ರ‍್ಯಾಲಿಯಲ್ಲಿ ರೆನೆ ಮೆಟ್ಜ್ ಓಡಿಸಿದ 959 ಗೆದ್ದಿತು. ಜಾಕಿ ಇಕ್ಸ್ ಓಡಿಸಿದ್ದು ಎರಡನೆಯದು. ಇವೆರಡರ ಹಿಂದೆ ರಿಪೇರಿಗೆಂದು ಹೋದ ಮೂರನೆಯ ಕಾರು ಆರನೆಯದಾಗಿ ಬಂತು. ಎಫ್40ನ್ನು ಸಹಾರಾ ಮರಳಿಗೆ ಇಳಿಸಿ ನೋಡಿ!

ಅಪರೂಪದ ಮಾತು ಬಂದರೂ ಎಫ್40 ಹಿಂದೆ. ನಾನೂರು ಮಾಡುತ್ತೇವೆ ಅಂದವರು ಕೊನೆಗೆ 1,300ಕ್ಕೂ ಜಾಸ್ತಿ ಮಾಡಿದರು. 959 ಅದರ ಕಾಲು ಭಾಗದಷ್ಟು ಇದ್ದರೆ ಹೆಚ್ಚು. 4,20,000 ಜರ್ಮನ್ ಮಾರ್ಕ್ ಬೆಲೆಗೆ ಮಾರಿಯೂ ಕಂಪನಿಗೆ ಪ್ರತಿ ಕಾರಿನಲ್ಲೂ ನಷ್ಟವೇ. ಎಫ್40 ಕೊಂಡವರಿಗೆ ಇನ್ನೊಂದು ಖರ್ಚು ಕಾದಿರುತ್ತದೆ. ಅದರ ಪೆಟ್ರೋಲ್ ಟ್ಯಾಂಕ್ ರಬ್ಬರಿನ ಚೀಲ. ಓಡಿಸದೆ ನಿಲ್ಲಿಸಿದ್ದರೂ ಹಳತಾಗುತ್ತದೆ, ಬದಲಿಸಲೇಬೇಕು.

ಒಂದು ಒಪ್ಪಿಕೊಳ್ಳುತ್ತೇನೆ. ನೋಡಲು 959 ಊದಿಕೊಂಡ ಪೋರ್ಷೆ 911ರಂತಿದೆ. ಎರಡನ್ನೂ ಬೀದಿಯಲ್ಲಿ ನಿಲ್ಲಿಸಿದರೆ ಮಕ್ಕಳು ಯಾವುದರ ಸುತ್ತ ಮುತ್ತಿಕೊಳ್ಳುತ್ತಾರೆ ಅಂತ ಗೊತ್ತು. ಆದರೆ ಅಷ್ಟರಲ್ಲಿ ಮಳೆ ಹನಿದರೆ, ನನಗೆ 959ರ ಕೀ ಕೊಡಿ.