ಮಣಿಕಟ್ಟು ಮುರಿದರೆ ಬೆಲ್ಟ್ ಸಾಕು ಅನ್ನೋ ಮೆಸೇಜ್ ತಪ್ಪು

"ಅರವತ್ತು ದಾಟಿದವರ ಮಣಿಕಟ್ಟು ಮುರಿದರೆ ಪ್ಲಾಸ್ಟರ್ ಬೇಡ, ಮೆಡಿಕಲ್ ಶಾಪಿನ ಬೆಲ್ಟ್ ಕಟ್ಟಿದರೆ ಸಾಕು" ಎಂಬ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎಲ್ಲರಿಗೂ ಇದು ಅನ್ವಯಿಸುವುದಿಲ್ಲ.

ಬಿಚ್ಚಿ ಹಾಕುವ ಸ್ಪ್ಲಿಂಟ್ (ಮಣಿಕಟ್ಟಿಗೆ ಆಧಾರವಾಗಿ ಕಟ್ಟುವ ಬೆಲ್ಟ್) ಸಾಕಾಗುವುದು ಮೂಳೆ ಜರುಗದೆ, ಅದರ ಜಾಗದಲ್ಲೇ ಇದ್ದಾಗ. ಅದನ್ನೂ ಎಕ್ಸ್‌ರೇ ನೋಡಿದ ಡಾಕ್ಟರೇ ಹೇಳಬೇಕು. ಜರುಗಿದ ಮೂಳೆಯನ್ನು ಎಳೆದು ಕೂರಿಸಿದ್ದರೆ ವಿಷಯವೇ ಬೇರೆ. ಆಗ ಕೈಯ ಆಕಾರಕ್ಕೆ ಒತ್ತಿ ಕೂರಿಸಿದ ಪ್ಲಾಸ್ಟರ್ ಬೇಕು, ಕೆಲವರಿಗೆ ಆಪರೇಷನ್ನೇ ಬೇಕಾಗಬಹುದು. ಬ್ರಿಟನ್ನಿನಲ್ಲಿ 500 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಡ್ರಾಫ್ಟ್2 ಅಧ್ಯಯನ ನೋಡಿ. ಹಾಗೆ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲೂ 13% ಜನರಿಗೆ ಆರು ವಾರದೊಳಗೆ ಮೂಳೆ ಜರುಗಿ ಆಪರೇಷನ್ ಬೇಕಾಯಿತು. ಪ್ಲಾಸ್ಟರ್‌ನಲ್ಲೇ ಹೀಗಿರುವಾಗ ಸಡಿಲ ಬೆಲ್ಟನ್ನು ಸುಮ್ನೆ ನಂಬೋದು ಹೇಗೆ? ಹಾಗಂತ ಪ್ಲಾಸ್ಟರ್‌ಗೆ ಹೆದರಬೇಕಿಲ್ಲ. ಅದೇ ಅಧ್ಯಯನದಲ್ಲಿ, ವರ್ಷದ ಹೊತ್ತಿಗೆ ಪ್ಲಾಸ್ಟರ್ ಹಾಕಿಸಿಕೊಂಡವರ ಕೈಗಳು, ಆಪರೇಷನ್ ಮಾಡಿಸಿ ಮೂಳೆ ಹಿಡಿದಿಡುವ ಲೋಹದ ತಂತಿ ಹಾಕಿಸಿಕೊಂಡವರ ಕೈಗಳಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದವು.

ಪ್ಲಾಸ್ಟರ್ ಇದ್ದಾಗಲೂ ಬೆರಳು ಮಡಚಿ ಬಿಡಿಸುತ್ತಿರಬೇಕು, ಇಲ್ಲದಿದ್ದರೆ ಬಿಗಿಯಾಗಿಬಿಡುತ್ತವೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಜಾಸ್ತಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.