ಕಸ ಗುಡಿಸದೆ ಹಾಸಿದ ನೆಲ

ಗೃಹಪ್ರವೇಶವಾಗಿ ಹದಿನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ಈ ಏಪ್ರಿಲ್‌ನ ಒಂದು ಮಧ್ಯಾಹ್ನ, ದಾವಣಗೆರೆಯ ನಮ್ಮ ಮನೆಯ ಹಜಾರದಲ್ಲಿ ಪಟಾಕಿ ಸಿಡಿದಂಥ ಸದ್ದಾಯಿತು. ಅಮ್ಮ ಅಡುಗೆಮನೆಯಿಂದ ಬಂದು ನೋಡಿದರೆ ನಡುಮಧ್ಯದ ಎರಡು ಟೈಲ್ಸ್ ತಲೆಗೆ ತಲೆ ಕೊಟ್ಟು ಗುಡಾರದಂತೆ ಮೇಲೆದ್ದು ನಿಂತಿದ್ದವು. ಅಂದು ಸಂಜೆ ನಾಣ್ಯ ಹಿಡಿದು ಒಂದೊಂದನ್ನೇ ತಟ್ಟುತ್ತ ಹೋದೆ. ಹಜಾರದ ಅರ್ಧಕ್ಕೂ ಹೆಚ್ಚು ನೆಲ ಟೊಳ್ಳು ಸದ್ದು ಕೊಟ್ಟಿತು.

ಗುತ್ತಿಗೆದಾರರನ್ನು ಕೇಳಿದರೆ ತಪ್ಪನ್ನು ಮೊದಲು ಬಿಸಿಲಿನ ಮೇಲೆ ಹಾಕಿದರು, ಆಮೇಲೆ ಟೈಲ್ಸ್ ತಯಾರಿಸಿದವರ ಮೇಲೆ ಹಾಕಿದರು. ಆದರೆ ಎದ್ದ ಟೈಲ್ಸ್‌ನ ಅಡಿಯ ಗಾರೆಯನ್ನು ನಾನು ಕೈಯಿಂದಲೇ ಎತ್ತಿದಾಗ ಅದು ರೊಟ್ಟಿಯಂತೆ ಇಡಿಯಾಗಿ ಎದ್ದು ಬಂತು, ಮತ್ತು ಅದರ ಕೆಳಗಿನ ಬೆಡ್ ಕಾಂಕ್ರೀಟಿನ ಮೇಲೆ ಗೋಡೆಗೆ ಪುಟ್ಟಿ ಉಜ್ಜಿದಾಗ ಬಿದ್ದ ಬಿಳಿ ಪುಡಿ, ಪ್ಲಾಸ್ಟರಿಂಗ್‌ನಲ್ಲಿ ಉದುರಿ ಒಣಗಿದ ಗಾರೆಯ ಹೆಕ್ಕಳೆ, ಒಂದು ಬೀಡಿಯ ತುಂಡು, ಎಲ್ಲವೂ ಬಿದ್ದ ಜಾಗದಲ್ಲೇ ಇದ್ದವು. ಇದಕ್ಕೆ ಬಿಸಿಲು ಹೇಗೆ ಹೊಣೆಯಾಗುತ್ತದೆ? ನೆಲವನ್ನು ಗುಡಿಸಿರಲೂ ಇಲ್ಲ.

ಟೈಲ್ಸ್ ಕೆಲಸ ಟೈಲ್ಸ್ ಇಡುವ ದಿನ ಶುರುವಾಗುವುದಲ್ಲ. ಕಾಂಕ್ರೀಟ್ ಹಾಕಿದಾಗ ಹೆಚ್ಚಿನ ನೀರಿನೊಂದಿಗೆ ಸಿಮೆಂಟಿನ ನಯವಾದ ಕೆನೆ ಮೇಲೆ ಬಂದು ಒಣಗುತ್ತದೆ. ನೋಡಲು ಗಟ್ಟಿಯಾಗಿ ಕಂಡರೂ ಮೊಳೆಯಿಂದ ಕೆರೆದರೆ ಪುಡಿಯಾಗುವ ಆ ಪದರವನ್ನು ಉಳಿಯಿಂದ ಕಚ್ಚು ಹಾಕಿ ತೆಗೆಯಬೇಕು, ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು, ಕಾಂಕ್ರೀಟ್ ನೀರು ಕುಡಿದಿರಬೇಕು ಆದರೆ ಮೇಲೆ ನೀರು ನಿಂತಿರಬಾರದು, ಮತ್ತು ಆ ತೇವದ ಮೇಲೆ ಸಿಮೆಂಟ್ ಹಾಲು ಬಳಿದು ಅದು ಒಣಗುವ ಮೊದಲೇ ಸ್ಕ್ರೀಡ್, ಅಂದರೆ ಟೈಲ್ಸ್‌ಗಾಗಿ ನೆಲವನ್ನು ಮಟ್ಟ ಮಾಡುವ ಗಾರೆ, ಹಾಕಬೇಕು. ಗೋಡೆಯ ಸುತ್ತ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ಗುರುತು ಮಾಡಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಬೆರೆಸಿ, ಮಟ್ಟಗೋಲಿನಲ್ಲಿ ಎಳೆದು, ಏಳು ದಿನವಾದರೂ ನೀರುಣಿಸಿ, ಆಮೇಲೆ ಒಣಗಲು ಬಿಡಬೇಕು. ಒಣಗಿತೇ ಎಂದು ತಿಳಿಯಲು ಯಂತ್ರವೇನೂ ಬೇಡ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಎತ್ತಿದಾಗ ಅಡಿಯಲ್ಲಿ ಬೆವರು ಕಂಡರೆ ನೆಲ ಇನ್ನೂ ಹಸಿ ಎಂದೇ ಅರ್ಥ. ಎರಡು ಮೀಟರ್ ಉದ್ದದ ಪಟ್ಟಿಯನ್ನು ನೆಲದ ಮೇಲಿಟ್ಟರೆ ಅದರ ಅಡಿಯಲ್ಲಿ 3 ಮಿಲಿಮೀಟರ್‌ಗಿಂತ ಹೆಚ್ಚಿನ ಸಂದು ಇರಬಾರದು. ನಮ್ಮ ಮನೆಯಲ್ಲಿ ಬೆರಳು ತೂರುವಷ್ಟು ತಗ್ಗಿದ್ದ ಕಡೆ ಗಾರೆಯನ್ನು ದಪ್ಪಗೆ ಸುರಿದು, ಉಬ್ಬಿದ್ದ ಕಡೆ ತೆಳ್ಳಗೆ ಸವರಿ, ಎಲ್ಲ ತಪ್ಪನ್ನೂ ಟೈಲ್ಸ್ ಅಡಿಯಲ್ಲಿ ಮುಚ್ಚಿದ್ದಾರೆ.

ನಮ್ಮದು ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಬಿಗಿಯಾಗಿಸಿದ್ದು. ಅದು ಹೀರುವ ನೀರು ಅದರ ತೂಕದಲ್ಲಿ ನೂರಕ್ಕೆ ಅರ್ಧ ಪಾಲೂ ಇಲ್ಲ. ಆದ್ದರಿಂದ ಹಳೆಯ ಸೆರಾಮಿಕ್ ಟೈಲ್ಸ್ ಕಚ್ಚಿಕೊಂಡಂತೆ ಅದು ಸಿಮೆಂಟ್ ಹಾಲಿಗೆ ಕಚ್ಚಿಕೊಳ್ಳುವುದಿಲ್ಲ. ಅದಕ್ಕೆಂದೇ ಅಂಟು ಇದೆ, ಹಲ್ಲಿನ ಕರಣೆಯಿಂದ ಅದನ್ನು ಪೂರ್ತಿ ಹರಡಬೇಕು. ನಾನು ಅಂಟಿನ ಚೀಲಗಳಿಗೆ ಹಣ ಕೊಟ್ಟಿದ್ದೆ. ಎದ್ದ ಟೈಲ್ಸ್‌ನ ಬೆನ್ನು ಪೆಟ್ಟಿಗೆಯಿಂದ ಆಗಷ್ಟೇ ತೆಗೆದಷ್ಟು ಶುಭ್ರವಾಗಿತ್ತು. ಗೋಡೆಯಂಚಿನಲ್ಲಿ ನೆಲ ಹಿಗ್ಗಲು ಬಿಡಬೇಕಾದ ಸಂದನ್ನೂ ಬಿಟ್ಟಿರಲಿಲ್ಲ, ಗೋಡೆಯ ಬುಡಕ್ಕೆ ಅಂಟಿಸುವ ಸ್ಕರ್ಟಿಂಗ್ ಪಟ್ಟಿ ಅದನ್ನು ಹೇಗೂ ಮುಚ್ಚುತ್ತಿದ್ದರೂ ಸಹ.

ನನಗೆ ಸಿಟ್ಟು ಬಂದಿರುವುದು ಮಂಡಿಯೂರಿ ದುಡಿದ ಹುಡುಗರ ಮೇಲಲ್ಲ. ಅವರಿಗೆ ಕೂಲಿ ಸಿಗುವುದು ಹಾಸಿದ ಟೈಲ್ಸ್‌ನ ಚದರಡಿ ಲೆಕ್ಕಕ್ಕೆ. ಕಚ್ಚು ಹಾಕಿದ್ದಕ್ಕೆ, ತೊಳೆದದ್ದಕ್ಕೆ, ಒಣಗಲೆಂದು ಕಾದ ದಿನಗಳಿಗೆ ಒಂದು ರೂಪಾಯಿಯೂ ಇಲ್ಲ. ಆ ಲೆಕ್ಕ ಹಾಕಿದವರು, ‘ನೆಲ ಸಿದ್ಧವಾಗಿದೆಯೇ’ ಎಂದು ನಾನು ಎರಡು ಸಲ ಕೇಳಿದಾಗ ‘ನೀವು ತಲೆ ಕೆಡಿಸಿಕೊಳ್ಳಬೇಡಿ ಸರ್’ ಎಂದು ನನ್ನನ್ನು ಬಾಗಿಲಿನಿಂದಲೇ ಕಳಿಸಿದವರು, ಅವರ ಮೇಲೆ ನನ್ನ ಸಿಟ್ಟು. ಸ್ನಾನದ ಕೋಣೆಯಲ್ಲೂ ಇದೇ ಕಥೆ: ಇಳಿಜಾರನ್ನು ಸ್ಕ್ರೀಡ್‌ನಲ್ಲೇ ಕೊಡದ ಕಾರಣ ನೀರು ಜಾಲರಿಯನ್ನು ಬಿಟ್ಟು ಹೊಸ್ತಿಲಿಗೆ ಬಂದು ನಿಲ್ಲುತ್ತದೆ, ಅಮ್ಮ ದಿನವೂ ಅದನ್ನು ಪೊರಕೆಯಿಂದ ದೂಡುತ್ತಾರೆ.

ಗುತ್ತಿಗೆದಾರರು ಸೂಚಿಸಿದ ಪರಿಹಾರವೆಂದರೆ ಸಂದಿಯಲ್ಲಿ ತೂತು ಕೊರೆದು ಬಿಳಿ ಸಿಮೆಂಟ್ ಹಾಲು ಸುರಿಯುವುದು. ಪುಡಿಯ ಮೇಲೆ ನಿಂತಿರುವ ಗಾರೆಗೆ ಮೇಲಿನಿಂದ ಹಾಲು ಸುರಿದರೆ ಏನು ಅಂಟೀತು? ಈಗ ಬಂದು ನೋಡಿದ ಬೇರೆ ಮೇಸ್ತ್ರಿ, ಹಜಾರವನ್ನು ಕಾಂಕ್ರೀಟಿನವರೆಗೂ ಒಡೆದು ತೆಗೆಯದೆ ದಾರಿಯಿಲ್ಲ, ಸ್ಕ್ರೀಡ್ ಒಣಗುವುದೂ ಸೇರಿ ಒಂದೂವರೆ ತಿಂಗಳು ಬೇಕು ಎಂದಿದ್ದಾರೆ. ಅದೇ ಬಣ್ಣದ ಟೈಲ್ಸ್ ಅಂಗಡಿಯಲ್ಲಿ ಈಗ ಸಿಗುತ್ತಿಲ್ಲ. ಅಷ್ಟು ದಿನ ಅಮ್ಮ ತಂಗಿಯ ಮನೆಯಲ್ಲಿರಬೇಕು, ಆ ಮನೆ ಎರಡನೆಯ ಮಹಡಿಯಲ್ಲಿದೆ, ಅವರ ಮಂಡಿಗೆ ಮೆಟ್ಟಿಲು ಆಗುವುದಿಲ್ಲ. ಕೊನೆಯ ಕಂತಿನ ಹಣ ಪಡೆಯಲು ದಿನಕ್ಕೆ ಮೂರು ಸಲ ಕರೆ ಮಾಡುತ್ತಿದ್ದ ಗುತ್ತಿಗೆದಾರರು ಹತ್ತು ದಿನದಿಂದ ಫೋನ್ ಎತ್ತುತ್ತಿಲ್ಲ.